ರೈಲಿನಲ್ಲಿ ಹಾಡಿದ ಹುಡುಗ, ಕೇಳಿದ ಜನ

ಭೀಮಸೇನ ಜೋಶಿಯವರು ಚಿಕ್ಕಂದಿನಲ್ಲಿ ಮನೆ ಬಿಟ್ಟು ಓಡಿಹೋದ ಕತೆಯನ್ನು ನಮ್ಮ ಕಡೆ ಶಾಲೆಯಲ್ಲೂ ಭಜನೆಮನೆಯಲ್ಲೂ ಹೇಳ್ತಾರೆ. ಹೇಳೋ ರೀತಿ ಎಲ್ಲಾ ಕಡೆ ಒಂದೇ. ಹುಡುಗನಿಗೆ ಸಂಗೀತದ ಹುಚ್ಚು. ಗುರು ಬೇಕು ಅಂತ ಹಠ ಹಿಡಿದ. ಕಾಸಿಲ್ಲದೆ ರೈಲು ಹತ್ತಿದ. ಊರೂರು ಅಲೆದ. ಕೊನೆಗೆ ಗುರು ಸಿಕ್ಕಿದರು, ದೊಡ್ಡವನಾಗಿ ಭಾರತರತ್ನ ತಗೊಂಡ. ಮಕ್ಕಳೇ, ಹಠ ಅಂದರೆ ಹೀಗಿರಬೇಕು. ಅಲ್ಲಿಗೆ ಮುಗೀತು. ಧ್ರುವನ ಕತೆ ಹೇಳಿದ ಹಾಗೇ ಹೇಳ್ತಾರೆ, ಕಾಡಿನ ಜಾಗದಲ್ಲಿ ರೈಲು ಇಟ್ಟಿದಾರೆ ಅಷ್ಟೆ.

ಈ ಹೇಳೋ ರೀತಿ ಮೇಲೆ ನನಗೊಂದು ತಕರಾರಿದೆ. ನಾನು ಓದಿರೋದು ಏಳನೇ ಕ್ಲಾಸು. ರಾಗಿ, ಟಮಾಟ, ಅವರೆ ಬೆಳೀತೀನಿ. ನಲವತ್ತು ವರ್ಷದಿಂದ ಮದುವೆ, ತಿಥಿ, ಜಾತ್ರೆಗಳಲ್ಲಿ ಪದ ಹೇಳ್ತಾ ಬಂದಿದೀನಿ. ಹಿಂದೂಸ್ತಾನಿ ಸಂಗೀತದ ರಾಗದ ಲೆಕ್ಕ ನನಗೆ ತಿಳಿಯೋದಿಲ್ಲ. ನಾಲ್ಕು ಜನರ ಮುಂದೆ ಬಾಯಿ ಬಿಡೋದು ಎಷ್ಟು ಕಷ್ಟ ಅನ್ನೋದು ಮಾತ್ರ ತಿಳೀತದೆ. ಆ ಕಡೆಯಿಂದ ನೋಡಿದರೆ ಈ ಕತೆಯಲ್ಲಿ ದೊಡ್ಡದೊಂದು ತೂತು ಕಾಣ್ತದೆ. ಹುಡುಗ ಹಾಡಿದ, ಸರಿ. ಆ ಬೋಗಿಯಲ್ಲಿ ಕೂತು ಕೇಳಿದವರು ಎಲ್ಲಿ ಹೋದರು? ಕತೆಯಲ್ಲಿ ಅವರ ಸುಳಿವೇ ಇಲ್ಲ.

ಮೊದಲು ನಡೆದದ್ದನ್ನು ಹೇಳಿಬಿಡ್ತೀನಿ. ಜೋಶಿಯವರು ಹುಟ್ಟಿದ್ದು 1922ರ ಫೆಬ್ರವರಿ 4ರಂದು, ಗದಗಿನ ಕಡೆಯ ರೋಣದಲ್ಲಿ. ಅಪ್ಪ ಗುರುರಾಜ ಜೋಶಿ ಶಾಲೆ ಮಾಸ್ತರರು. ಹುಡುಗ ಭಜನೆ ಮೆರವಣಿಗೆ ಬಂದರೆ, ಬ್ಯಾಂಡು ಬಂದರೆ, ಅದರ ಹಿಂದೆಯೇ ಹೋಗಿಬಿಡೋನು. ದಣಿವಾದ ಕಡೆ ಮಲಗಿಬಿಡೋನು. ಹುಡುಕಿ ಹುಡುಕಿ ಸಾಕಾಗಿ ಅಪ್ಪ ಮಗನ ಅಂಗಿ ಮೇಲೆ 'ಜೋಶಿ ಮಾಸ್ತರರ ಮಗ' ಅಂತ ಬರೆದರಂತೆ, ಕಂಡವರು ಮನೆಗೆ ತಂದು ಬಿಡಲಿ ಅಂತ. ಕತೆ ಹೇಳೋರು ಇದನ್ನು ನಗೋದಕ್ಕೆ ಹೇಳ್ತಾರೆ. ನನಗೆ ಇಡೀ ಕತೆಯ ಬೀಗದಕೈ ಇದೇ ಅನಿಸ್ತದೆ. ಒಬ್ಬ ಮಾಸ್ತರರು ತನ್ನ ಮಗನನ್ನ ಗುರುತಿಲ್ಲದ ಜನರ ಕೈಗೆ ಬರೆದುಕೊಟ್ಟಿದಾರೆ. ದಾರಿಯಲ್ಲಿ ಸಿಕ್ಕಿದವರು ಒಳ್ಳೆಯವರೇ ಇರ್ತಾರೆ ಅಂತ ನಂಬಿದಾರೆ.

ಆಮೇಲೆ ಒಂದು ಅಂಗಡಿಯಲ್ಲಿ ಗ್ರಾಮಫೋನ್ ತಟ್ಟೆ ಹಾಕಿದ್ದಾಗ ಅಬ್ದುಲ್ ಕರೀಂ ಖಾನ್ ಸಾಹೇಬರ ಠುಮ್ರಿ ಕಿವಿಗೆ ಬಿತ್ತು. ಹಾಡಿದರೆ ಹೀಗೆ ಹಾಡಬೇಕು ಅಂತ ಹುಡುಗನಿಗೆ ಹಿಡಿದುಕೊಂಡಿತು. 1933ರಲ್ಲಿ, ಹನ್ನೊಂದು ವರ್ಷದವನು, ಮನೆ ಬಿಟ್ಟ. ಬಿಜಾಪುರ, ಅಲ್ಲಿಂದ ಪುಣೆ, ಅಲ್ಲಿಂದ ಗ್ವಾಲಿಯರ್. ಪುಣೆಗೆ ಸೇರಿದ್ದು ಜತೆ ಪ್ರಯಾಣಿಕರು ಕೊಟ್ಟ ಹಣದಲ್ಲಿ. ಮಿಕ್ಕ ದಾರಿಯಲ್ಲಿ ಟಿಕೇಟಿಲ್ಲ. ಟಿಕೇಟು ಕೇಳೋಕೆ ಬಂದವರಿಗೆ, ಪಕ್ಕದಲ್ಲಿ ಕೂತವರಿಗೆ, ತನಗೆ ಬಂದಷ್ಟು ಹಾಡಿ ತೋರಿಸಿ ಮುಂದೆ ಮುಂದೆ ಹೋದ. ಗ್ವಾಲಿಯರಿನಲ್ಲಿ ಸಂಗೀತಶಾಲೆಗೆ ಸೇರಿದ, ಇನ್ನೂ ಎಷ್ಟೋ ಊರು ತಿರುಗಿದ, ಕೊನೆಗೆ ಪಂಜಾಬಿನ ಜಲಂಧರಕ್ಕೆ ಹೋಗಿ ನಿಂತ. ಅಲ್ಲಿಗೆ ಸಂಗೀತದ ಉತ್ಸವಕ್ಕೆ ಬಂದಿದ್ದ ವಿನಾಯಕರಾವ್ ಪಟವರ್ಧನರು, ನಿಮ್ಮ ಸೀಮೆಯಲ್ಲೇ ಸವಾಯಿ ಗಂಧರ್ವರು ಇದಾರಲ್ಲ, ಇಲ್ಲಿಗೇಕೆ ಬಂದೆ ಅನ್ನೋ ಅರ್ಥದಲ್ಲಿ ಬುದ್ಧಿ ಹೇಳಿದರು. ಅಪ್ಪನೂ ಹುಡುಕಿಕೊಂಡು ಬಂದರು. 1936ರಲ್ಲಿ ಹುಡುಗ ಕುಂದಗೋಳಕ್ಕೆ ಬಂದು ಸವಾಯಿ ಗಂಧರ್ವರ ಶಿಷ್ಯನಾದ. ಕುಂದಗೋಳ ಎಲ್ಲಿ ಅಂತೀರಾ? ಹುಬ್ಬಳ್ಳಿಯ ಮಗ್ಗುಲಲ್ಲೇ ಇದೆ. ಕಂಕುಳಲ್ಲಿ ಕೂಸಿಟ್ಟುಕೊಂಡು ಊರೆಲ್ಲ ಹುಡುಕಿದ ಹಾಗಾಯ್ತು.

ಹಾಗಾದರೆ ಮೂರು ವರ್ಷ ಅಲೆದದ್ದು ದಂಡವಾಯ್ತಾ? ಕತೆ ಹೇಳೋರು ಇಲ್ಲಿ ಸ್ವಲ್ಪ ತಡವರಿಸ್ತಾರೆ. ಕಷ್ಟಪಟ್ಟನಲ್ಲ, ಅದೇ ತಪಸ್ಸು ಅಂತ ಹೇಳಿ ದಾಟಿಸ್ತಾರೆ. ನನ್ನ ಲೆಕ್ಕ ಬೇರೆ. ಹುಡುಗನಿಗೆ ಮೊದಲ ಸಭೆ ಸಿಕ್ಕಿದ್ದು ರೈಲಿನಲ್ಲಿ. ಪುಸ್ತಕದಲ್ಲಿ ಅವರ ಮೊದಲ ಕಛೇರಿ 1941ರಲ್ಲಿ, ಹತ್ತೊಂಬತ್ತನೇ ವಯಸ್ಸಿನಲ್ಲಿ ಅಂತ ಇದೆ. ಅದು ಕರೆದು ಕೂರಿಸಿ ಹಾಡಿಸಿದ ಕಛೇರಿ. ಕರೆಯದೆ ಹಾಡಿದ ಕಛೇರಿಗಳು ಅದಕ್ಕೂ ಎಂಟು ವರ್ಷ ಮೊದಲೇ ಶುರುವಾಗಿದ್ದವು.

ರೈಲು ಬೋಗಿಯಂಥ ಕಠಿಣವಾದ ಸಭೆ ಇನ್ನೊಂದಿಲ್ಲ, ಇದನ್ನ ಹಾಡೋರು ಯಾರನ್ನ ಕೇಳಿದರೂ ಹೇಳ್ತಾರೆ. ಜಾತ್ರೆಗೆ ಬಂದವನು ಕೇಳೋಕೆ ಅಂತ ಬಂದಿರ್ತಾನೆ. ಮದುವೆ ಮನೆಯಲ್ಲಿ ಊಟ ಆಗೋ ತನಕ ಕೂತಿರಲೇಬೇಕು. ತಿಥಿ ಮನೆಯಲ್ಲಿ ಎದ್ದು ಹೋದರೆ ಮರ್ಯಾದೆ ಅಲ್ಲ. ರೈಲಿನವನಿಗೆ ಈ ಯಾವ ಕಟ್ಟೂ ಇಲ್ಲ. ಅವನು ಹೋಗೋಕೆ ಬಂದಿದಾನೆ. ನಿದ್ದೆ ಕಣ್ಣು, ಸೀಟಿನ ಜಗಳ, ಮಗು ಅಳು, ಕೆಲಸಕ್ಕೆ ತಡವಾದೀತು ಅನ್ನೋ ಹೆದರಿಕೆ. ಇದರ ಮೇಲೆ ಗಾಲಿಯ ಸದ್ದು. ಅಲ್ಲಿ ಸಣ್ಣಗೆ ಶುರು ಮಾಡಿ ಮೆಲ್ಲಮೆಲ್ಲಗೆ ಏರಿಸ್ತೀನಿ ಅಂದರೆ ಯಾರೂ ತಲೆ ಎತ್ತೋದಿಲ್ಲ. ಬಾಯಿ ಬಿಟ್ಟ ತಕ್ಷಣ ದನಿ ಬೋಗಿಯ ಆ ಕೊನೆಗೆ ಮುಟ್ಟಬೇಕು. ಒಂದು ಸ್ಟೇಷನ್ನಿಂದ ಇನ್ನೊಂದು ಸ್ಟೇಷನ್ ಬರೋ ಅಷ್ಟರಲ್ಲಿ ಕೇಳೋನ ಮನಸ್ಸಲ್ಲಿ ಏನಾದರೂ ಆಗಬೇಕು. ಇಲ್ಲದಿದ್ದರೆ ಅವನು ಇಳಿದು ಹೋಗ್ತಾನೆ, ಹಾಡು ಅಲ್ಲೇ ಉಳೀತದೆ.

ಜೋಶಿಯವರ 'ದಾಸವಾಣಿ' ಕ್ಯಾಸೆಟ್ಟು ನಮ್ಮ ಮನೆಯಲ್ಲಿ ತೇಯುವ ತನಕ ಓಡಿದೆ. ಪುರಂದರದಾಸರ ಲಕ್ಷ್ಮಿಯ ಪದ ಅವರ ದನಿಯಲ್ಲಿ ಶುಕ್ರವಾರ ಕೇಳದ ಮನೆ ಕನ್ನಡದವರಲ್ಲಿ ಕಡಿಮೆ. ನಾನು ಅದನ್ನ ಕೇಳುವಾಗ ಒಂದು ಗಮನಿಸಿದೀನಿ. ಎತ್ತಿಕೊಳ್ಳೋ ಸ್ವರವನ್ನ ಅವರು ಅನುಮಾನದಿಂದ ಎತ್ತೋದಿಲ್ಲ. ಬಾವಿಯಿಂದ ತುಂಬಿದ ಕೊಡ ಒಂದೇ ಸಲ ಮೇಲೆ ಬಂದ ಹಾಗೆ ದನಿ ಪೂರಾ ಬರ್ತದೆ. ಎದುರಿಗೆ ಇರೋದು ಹತ್ತು ಜನವೋ ಹತ್ತು ಸಾವಿರವೋ, ಕೊಟ್ಟ ಕೊನೆಯವನಿಗೆ ಕೇಳಲಿ ಅನ್ನೋ ಹಾಗೆ ಎಸೀತಾರೆ. ಅದು ಗುರುವಿನ ಮನೆಯಲ್ಲಿ ಸಾಧನೆ ಮಾಡಿ ಬಂದದ್ದು ಅಂತ ಸಂಗೀತ ತಿಳಿದವರು ಹೇಳಬಹುದು, ಒಪ್ತೀನಿ. ನನ್ನ ಕಿವಿಗೆ ಮಾತ್ರ ಅದರಲ್ಲಿ ರೈಲೂ ಕೇಳಿಸ್ತದೆ.

ಹೊಗಳಿಕೆಯ ಜತೆಗೆ ಒಂದು ಆಕ್ಷೇಪಣೆಯನ್ನೂ ಬರೀಬೇಕು. ಅವರ ದಾಸರ ಪದಗಳಲ್ಲಿ ಕೆಲವು ಕಡೆ ಸ್ವರದ ಓಟ ಬಂದಾಗ ಮಾತು ನಿಂತು ಕಾಯಬೇಕಾಗ್ತದೆ. ಒಂದು ಸಾಲು ಹೇಳಿ, ಆ ಸಾಲಿನ ಮೇಲೆ ಸುತ್ತು ಹೊಡೆದು, ಮುಂದಿನ ಸಾಲಿಗೆ ಬರೋ ಹೊತ್ತಿಗೆ ಲಕ್ಷ್ಮಿ ಹೊಸಿಲು ದಾಟಿದಳೋ ಇಲ್ಲವೋ ಅನ್ನೋದು ಮರೆತು ಹೋಗಿರ್ತದೆ. ಅದೇ ಪದವನ್ನ ನಮ್ಮ ಮನೆ ಹೆಂಗಸರು ಹೇಳಿದರೆ ದನಿ ಅಷ್ಟು ದೊಡ್ಡದಲ್ಲ, ಆದರೂ ಲಕ್ಷ್ಮಿ ಹೆಜ್ಜೆ ಹೆಜ್ಜೆಯಾಗಿ ಒಳಗೆ ಬರೋದು ಕಾಣ್ತದೆ. ಪದ ಹೇಳೋನಿಗೆ ಮಾತೇ ಮುಂದೆ, ಸ್ವರ ಹಿಂದೆ. ಅವರದ್ದು ಬೇರೆ ದಾರಿ. ಎರಡೂ ಇರಲಿ, ಎರಡೂ ಒಂದೇ ಅಂತ ಹೇಳಬೇಡಿ ಅನ್ನೋದಷ್ಟೇ ನನ್ನ ಮಾತು.

ಮತ್ತೆ ಕೇಳಿದವರ ಸುದ್ದಿಗೆ ಬರ್ತೀನಿ. ಪುಣೆಗೆ ಹೋಗೋಕೆ ಹಣ ಕೊಟ್ಟವರಿಗೆ ಅವನು ಯಾರು ಅಂತ ಗೊತ್ತಿರಲಿಲ್ಲ. ಹನ್ನೊಂದು ವರ್ಷದ ಹುಡುಗ, ಕೈಯಲ್ಲಿ ಏನೂ ಇಲ್ಲ, ಎಲ್ಲಿಗೆ ಹೋಗ್ತೀಯಪ್ಪ ಅಂದರೆ ಸಂಗೀತ ಕಲಿಯೋಕೆ ಅಂತಾನೆ. ನಿಮ್ಮ ಪಕ್ಕದಲ್ಲಿ ಇಂಥ ಹುಡುಗ ಬಂದು ಕೂತರೆ ನೀವು ಏನು ಮಾಡ್ತೀರಿ? ನಾನಾದರೆ ಮುಂದಿನ ಸ್ಟೇಷನ್ನಿನಲ್ಲಿ ಪೊಲೀಸಿನವರಿಗೆ ಒಪ್ಪಿಸ್ತಿದ್ದೆ. ಅವನ ಅಪ್ಪ ಅಮ್ಮ ಅಲ್ಲಿ ಎದೆ ಹೊಡೆದುಕೊಳ್ತಾ ಇರ್ತಾರಲ್ಲ. ಒಳ್ಳೆಯವರು ಮಾಡೋ ಕೆಲಸ ಅದೇ. ಆ ಪ್ರಯಾಣಿಕರು ಹಾಗೆ ಮಾಡಲಿಲ್ಲ. ಹಾಡು ಕೇಳಿದರು, ಜೇಬಿಗೆ ಕೈ ಹಾಕಿದರು, ಹೋಗು ಅಂತ ಕಳಿಸಿದರು. ಅದು ಸರಿಯೋ ತಪ್ಪೋ, ನಾನು ತೀರ್ಪು ಕೊಡೋದಿಲ್ಲ. ಆದರೆ ಅಲ್ಲಿ ನಡೆದದ್ದು ಬರೀ ದಾನ ಅಂತ ತಿಳಿಯಬಾರದು. ಒಂದು ಹಾಡನ್ನ ಕೇಳಿ, ಇದು ಖರೆ ಅಂತ ಗುರುತು ಹಿಡಿದಿದಾರೆ. ತಟ್ಟೆ ಕೇಳಿ ಕಲಿತ ಅರೆಬರೆ ಹಾಡಿನ ಒಳಗೆ ಏನಿದೆ ಅಂತ, ಪಟವರ್ಧನರಿಗಿಂತ ಮೊದಲು, ಸವಾಯಿ ಗಂಧರ್ವರಿಗಿಂತ ಮೊದಲು, ಆ ಹೆಸರಿಲ್ಲದವರ ಕಿವಿಗೆ ತಿಳೀತು. ಅವರೇ ಮೊದಲ ವಿಮರ್ಶಕರು.

ಇದೇ ಮನೆತನದ ಸಂಗೀತದಲ್ಲಿ ರೈಲು ಇನ್ನೂ ಎರಡು ಕಡೆ ಬರ್ತದೆ. ಗಂಗೂಬಾಯಿ ಹಾನಗಲ್ ಅವರೂ ಸವಾಯಿ ಗಂಧರ್ವರ ಶಿಷ್ಯೆ. ಅವರು ಹುಟ್ಟಿದ್ದು 1913ರಲ್ಲಿ ಧಾರವಾಡದಲ್ಲಿ, ಇದ್ದದ್ದು ಹುಬ್ಬಳ್ಳಿಯಲ್ಲಿ. ಗುರುಗಳು ಕುಂದಗೋಳದಲ್ಲಿ ನೆಲೆ ನಿಂತ ಮೇಲೆ ಹುಬ್ಬಳ್ಳಿಯಿಂದ ರೈಲಿನಲ್ಲಿ ಹೋಗಿ ಪಾಠ ಹೇಳಿಸಿಕೊಂಡು ಮತ್ತೆ ರೈಲಿನಲ್ಲೇ ಮನೆಗೆ ಬರ್ತಿದ್ದರು. ಇವತ್ತು ನಮ್ಮ ಹೆಣ್ಣುಮಕ್ಕಳು ಹೊಸೂರಿಂದ ಬೆಂಗಳೂರಿಗೆ ಕೆಲಸಕ್ಕೆ ಹೋಗಿ ಬರ್ತಾರಲ್ಲ, ಹಾಗೆ. ಪಾಠ ಮುಗಿದು ಕತ್ತಲಾದರೆ ಶಿಷ್ಯನಾಗಿದ್ದ ಭೀಮಸೇನನೇ ಸ್ಟೇಷನ್ ತನಕ ಬಂದು ಬಿಟ್ಟುಹೋಗ್ತಿದ್ದನಂತೆ. ಗಂಗೂಬಾಯಿಯವರು ಚಿಕ್ಕವರಾಗಿದ್ದಾಗ ಧಾರವಾಡದ ಬೀದಿಯಲ್ಲಿ ನಡೆದರೆ ಹಾಡೋರು ಬಂದರು ಅಂತ ಮೇಲ್ಜಾತಿಯವರು ಹೀಯಾಳಿಸ್ತಿದ್ದರು, ಅದನ್ನ ಅವರೇ ಹೇಳಿಕೊಂಡಿದಾರೆ. ಬೀದಿ ಹಾಗಿತ್ತು. ರೈಲಿನಲ್ಲಿ ಬೀದಿಯವರೇ ಕೂತಿರ್ತಾರೆ, ಆದರೂ ಟಿಕೇಟು ಇದ್ದವರಿಗೆ ಸೀಟು ಬಿಡಲೇಬೇಕು. ಅವರ ದನಿ ಮೊದಲು ಸಣ್ಣಗಿತ್ತಂತೆ. ಗಂಟಲಿನ ಆಪರೇಷನ್ ಆದ ಮೇಲೆ ಗಂಡಸಿನ ಹಾಗೆ ಗಟ್ಟಿಯಾಯ್ತು. ನಮ್ಮ ಮನೆಯವಳು ರೇಡಿಯೋದಲ್ಲಿ ಮೊದಲ ಸಲ ಕೇಳಿ, ಈಯಪ್ಪ ಯಾರು ಇಷ್ಟು ಚೆನ್ನಾಗಿ ಹಾಡ್ತಾನೆ ಅಂದಳು.

ಇನ್ನೊಂದು ನಮ್ಮ ತಮಿಳುನಾಡಿನಲ್ಲೇ ನಡೆದದ್ದು. ಯಾವ ತಟ್ಟೆ ಕೇಳಿ ಆ ಹುಡುಗ ಮನೆ ಬಿಟ್ಟನೋ ಆ ಅಬ್ದುಲ್ ಕರೀಂ ಖಾನ್ ಸಾಹೇಬರು 1937ರ ಅಕ್ಟೋಬರಿನಲ್ಲಿ ಮದರಾಸಿಗೆ ಬಂದು ಹಾಡಿ, ಪಾಂಡಿಚೇರಿಗೆ ರೈಲು ಹತ್ತಿದರು. ದಾರಿಯಲ್ಲಿ ಎದೆನೋವು ಬಂತು. ಚೆಂಗಲ್ಪಟ್ಟಿನ ಹತ್ತಿರ ಸಿಂಗಪೆರುಮಾಳ್ ಕೋಯಿಲ್ ಅನ್ನೋ ಚಿಕ್ಕ ಸ್ಟೇಷನ್ನಿನಲ್ಲಿ ಇಳಿದರು. ಪ್ಲಾಟ್‌ಫಾರಂ ಮೇಲೆ ಹಾಸಿಗೆ ಹಾಸಿದರು. ನಮಾಜು ಮಾಡಿ, ದರ್ಬಾರಿ ರಾಗದಲ್ಲಿ ದೇವರನ್ನ ನೆನೆದು ಹಾಡಿ, ಅಲ್ಲೇ ಪ್ರಾಣ ಬಿಟ್ಟರು. ಅವರ ಗೋರಿ ಮಿರಜಿನ ದರ್ಗಾದಲ್ಲಿದೆ. ನಾನು ಆ ದಾರಿಯಲ್ಲಿ ಒಂದೇ ಸಲ ಹೋಗಿದೀನಿ. ನಾನು ಕೂತಿದ್ದ ರೈಲು ಆ ಸ್ಟೇಷನ್ನಿನಲ್ಲಿ ಎರಡು ನಿಮಿಷ ನಿಂತಿತು. ಕಿಟಕಿ ಹತ್ತಿರ ಒಬ್ಬ ಕಡಲೆಕಾಯಿ ಮಾರ್ತಾ ಇದ್ದ.

ಈಗ ನಮ್ಮ ರೈಲಿಗೆ ಬರೋಣ. ನಾನು ತಿಂಗಳಿಗೆ ಎರಡು ಮೂರು ಸಲ ಮಗಳ ಮನೆಗೆ ಅಂತ ಕೆಲಮಂಗಲದಲ್ಲಿ ಪ್ಯಾಸೆಂಜರ್ ಹತ್ತಿ ಬೆಂಗಳೂರಿಗೆ ಹೋಗ್ತೀನಿ. ಕೆಲವು ವರ್ಷದ ಹಿಂದೆ ಹೊಸೂರಿನಲ್ಲಿ ಒಬ್ಬ ಹೆಂಗಸು ಹತ್ತಿದಳು. ಐವತ್ತರ ಹತ್ತಿರ ವಯಸ್ಸು. ಕೈಯಲ್ಲಿ ದಮ್ಮಡಿ, ಹೆಗಲಲ್ಲಿ ಒಂದು ಬಟ್ಟೆ ಚೀಲ. ಗಾಡಿ ಬಿಡೋ ಮುಂಚೆ ತಮಿಳು ಸಿನಿಮಾ ಹಾಡು ಹೇಳಿದಳು, ಆಮೇಲೆ ತೆಲುಗಿನದೊಂದು ಭಜನೆ. ಆನೇಕಲ್ ರೋಡ್ ದಾಟಿದ ಮೇಲೆ ಕನ್ನಡಕ್ಕೆ ತಿರುಗಿದಳು. ಇದು ನಮ್ಮ ಲೈನಿನಲ್ಲಿ ಹಾಡೋರ ಲೆಕ್ಕ, ಸ್ಟೇಷನ್ ನೋಡಿಕೊಂಡು ಭಾಷೆ ಬದಲಾಯಿಸ್ತಾರೆ. 1988ರ ಆಗಸ್ಟ್ 15ರಂದು ದೂರದರ್ಶನದಲ್ಲಿ ದೇಶದ ಒಗ್ಗಟ್ಟಿನ ಹಾಡೊಂದು ಬಂತಲ್ಲ, ಜೋಶಿಯವರೇ ಶುರು ಮಾಡೋದು, ಅದರಲ್ಲಿ ನಮ್ಮ ಮೂರು ಭಾಷೆಯೂ ಒಂದರ ಹಿಂದೆ ಒಂದು ಬರ್ತಾವೆ. ಅದಕ್ಕೆ ದೊಡ್ಡ ದೊಡ್ಡವರು ಬೇಕಾಯ್ತು. ಈಯಮ್ಮ ಒಬ್ಬಳೇ ಮುಗಿಸ್ತಾಳೆ.

ಕನ್ನಡದಲ್ಲಿ ಅವಳು ಹೇಳಿದ್ದು ಹೆಣ್ಣು ಒಪ್ಪಿಸೋ ಪದ. ನಮ್ಮವ್ವ ಹೇಳ್ತಿದ್ದ ಪದವೇ. ನಮ್ಮ ಕಡೆ ಅದು ಹೀಗೆ: ಮದುಮಗಳನ್ನ ಬಂಡಿಯಲ್ಲಿ ಕೂರಿಸಿದಾರೆ. ತಾಯಿ ಬಂಡಿ ಹೊಡೆಯೋ ಅಣ್ಣನನ್ನ ಬೇಡಿಕೊಳ್ತಾಳೆ, ಬಾವಿ ಹತ್ತಿರ ಒಂದು ಗಳಿಗೆ ನಿಲ್ಲಿಸು, ಮಗಳು ನೀರು ಸೇದಿದ ಜಾಗ ನೋಡಲಿ. ಆಮೇಲೆ ಹೊಂಗೆಮರ, ಆಮೇಲೆ ಮಾರಮ್ಮನ ಗುಡಿ, ಕೊನೆಗೆ ಊರಗಡಿ ಕಲ್ಲು. ನುಡಿಗೊಂದು ನಿಲುಗಡೆ. ಅವಳ ಪದದಲ್ಲಿ ಬಾವಿ ಇತ್ತು, ಮರ ಇತ್ತು, ಗುಡಿ ಇತ್ತು. ಊರಗಡಿ ಕಲ್ಲಿನ ಜಾಗದಲ್ಲಿ ರೈಲು ಸ್ಟೇಷನ್ ಬಂತು. ನಾನು ಬೆಚ್ಚಿಬಿದ್ದೆ. ಅಲ್ಲಿ ತಾಯಿ ಬಂಡಿಯಣ್ಣನನ್ನ ಬಿಟ್ಟು ಗಾರ್ಡಪ್ಪನನ್ನ ಬೇಡಿಕೊಳ್ತಾಳೆ, ಪಚ್ಚೆ ಬಾವುಟ ಬಿಚ್ಚಬೇಡ, ಸುತ್ತಿಯೇ ಇಟ್ಟುಕೋ ಅಂತ.

ಪದ ಮುಗಿದ ಮೇಲೆ ಕೈಗೆ ಇಪ್ಪತ್ತು ರೂಪಾಯಿ ಕೊಟ್ಟು ಕೇಳಿದೆ, "ಯಾವೂರಮ್ಮ ನಿಮ್ಮದು?"

"ತಿರುಪತ್ತೂರು ಪಕ್ಕ ಅಣ್ಣಾ."

"ಈ ಪದ ಯಾರು ಹೇಳಿಕೊಟ್ರು?"

"ಹೇಳಿಕೊಡೋದೇನಣ್ಣಾ. ಇಲ್ಲಿ ಕೂತ್ಕೊಳ್ಳೋರೇ ಹೇಳ್ತಾರೆ. ಒಂದು ಅಜ್ಜಿ ದಿನಾ ಹೂವಿನ ಮೂಟೆ ತರ್ತಾ ಇತ್ತು. ನಾನು ತಮಿಳಲ್ಲಿ ಹಾಡಿದ್ರೆ, ಅದೇನು ಹಾಡ್ತೀಯೆ, ಇದು ಹಾಡು ಅಂತ ಹೇಳ್ತಾ ಇತ್ತು. ಈಗ ಬರಲ್ಲ."

"ಆ ರೈಲಿನ ನುಡಿ ಅಜ್ಜಿದಾ?"

ಅವಳು ನಕ್ಕಳು. "ಅರ್ಧ ಅಜ್ಜೀದು, ಅರ್ಧ ನಂದು."

ಹೀಲಲಿಗೆ ಬಂತು. ಅವಳು ಇಳಿದು ಮುಂದಿನ ಬೋಗಿಗೆ ಹತ್ತಿಕೊಂಡಳು. ಆಮೇಲೆ ಎಷ್ಟೋ ಸಲ ಅದೇ ಗಾಡಿಯಲ್ಲಿ ಹೋಗಿದೀನಿ, ಅವಳು ಕಾಣಲಿಲ್ಲ.

ಆ ನುಡಿ ನನಗೆ ಮೊದಲು ಸೇರಲಿಲ್ಲ. ಅವ್ವನ ಪದದಲ್ಲಿ ರೈಲು ತಂದು ನಿಲ್ಲಿಸಿಬಿಟ್ಟಳಲ್ಲ ಅನಿಸಿತು. ಮನೆಗೆ ಬಂದು ಹೊಲದಲ್ಲಿ ಕಳೆ ಕೀಳುವಾಗ ಹೇಳಿಕೊಂಡು ನೋಡಿದೆ. ಆಗ ಅದರ ಕೆಲಸಗಾರಿಕೆ ತಿಳೀತು. 'ಬಂಡ್ಯಣ್ಣ' ಅನ್ನೋ ಮಾತು ಕೂತಿದ್ದ ಜಾಗದಲ್ಲಿ 'ಗಾರ್ಡಪ್ಪ' ಅನ್ನೋದು ಒಂದು ಕೂದಲೆಳೆ ಹೆಚ್ಚು ಕಮ್ಮಿ ಇಲ್ಲದೆ ಕ‍ೂರ್ತದೆ. ತಾಳ ಎಲ್ಲೂ ಎಡವೋದಿಲ್ಲ. ಇಂಗ್ಲಿಷಿನ ಗಾರ್ಡಿಗೆ ಅಪ್ಪ ಸೇರಿಸಿ ನಮ್ಮವನನ್ನಾಗಿ ಮಾಡಿಕೊಂಡ ಮೇಲೆ ಅವನು ಮುನಿಯಪ್ಪ, ಮಾರಪ್ಪನ ಸಾಲಿಗೆ ಬಂದ. ಇದು ಕಿವಿ ಇರೋರ ಕೆಲಸ.

ಇನ್ನು ಅರ್ಥ. ಬಂಡಿ ಹೊಡೆಯೋನು ಅಣ್ಣ, ಬಳಗದವನು. ಬೇಡಿಕೊಂಡರೆ ನಿಲ್ಲಿಸ್ತಾನೆ. ಹಾಡಿನಲ್ಲಿ ಮೂರು ಸಲ ನಿಲ್ಲಿಸಿಯೂ ಇದಾನೆ. ಕೇಳೋನಿಗೆ ಒಂದು ಭರವಸೆ ಹುಟ್ಟಿರ್ತದೆ, ಇನ್ನೊಂದು ಸಲವೂ ನಿಲ್ಲಿಸ್ತಾನೆ ಅಂತ. ಆಗ ಬರ್ತಾನೆ ಗಾರ್ಡಪ್ಪ. ಅವನು ಗಾಡಿಯ ಕೊಟ್ಟ ಕೊನೆಯಲ್ಲಿ ನಿಂತಿದಾನೆ. ಈ ತಾಯಿಯ ದನಿ ಅವನಿಗೆ ಮುಟ್ಟೋದಿಲ್ಲ. ಮುಟ್ಟಿದರೂ ಅವನಿಗೆ ನಿಲ್ಲಿಸೋ ಅಧಿಕಾರ ಇಲ್ಲ, ಅವನು ಗಡಿಯಾರದ ಆಳು. ಬಾವುಟ ಬಿಚ್ಚೇ ಬಿಚ್ತಾನೆ. ನಮ್ಮವ್ವನ ಪದದಲ್ಲಿ ಊರಗಡಿ ಕಲ್ಲು ದಾಟುವಾಗ ಅಳು ಬರ್ತಿತ್ತು. ಇಲ್ಲಿ ಬೇಡಿಕೊಳ್ಳೋಕೆ ಶುರು ಮಾಡಿದಾಗಲೇ ಬರ್ತದೆ, ಯಾಕೆಂದರೆ ಆಗೋದಿಲ್ಲ ಅಂತ ತಾಯಿಗೂ ಗೊತ್ತು, ನಮಗೂ ಗೊತ್ತು.

ಒಂದು ಸಾಲು ಮಾತ್ರ ನನಗೆ ಒಪ್ಪಿಗೆಯಿಲ್ಲ. ಮದುಮಗಳ ಟ್ರಂಕಿಗೆ ಅಳಿಯ ಟಿಕೇಟು ತಗೊಂಡಿಲ್ಲ ಅಂತ ಒಂದು ತಮಾಷೆ ಬರ್ತದೆ. ಬೋಗಿಯಲ್ಲಿ ಎಲ್ಲರೂ ನಕ್ಕರು, ಚಿಲ್ಲರೆಯೂ ಬಿತ್ತು. ಅಳು ಬರೋ ಹೊತ್ತಿನಲ್ಲಿ ನಗಿಸಿಬಿಟ್ಟರೆ ಪದ ಸಡಿಲವಾಗ್ತದೆ. ಹೊಟ್ಟೆಪಾಡಿಗೆ ಹಾಡೋರಿಗೆ ನಗು ಬೇಕು, ಅತ್ತ ಜನ ಜೇಬಿಗೆ ಕೈ ಹಾಕೋದು ನಿಧಾನ. ಆ ಸಾಲು ಅವಳ ಅನ್ನ. ನಾನು ಹೇಳುವಾಗ ಬಿಟ್ಟುಬಿಡ್ತೀನಿ.

ಹೌದು, ನಾನೀಗ ಮದುವೆಗಳಲ್ಲಿ ಆ ನುಡಿ ಹೇಳ್ತೀನಿ. ಅದಕ್ಕೇ ಈ ಲೇಖನ ಬರೆಯೋ ಸಂದರ್ಭ ಬಂದದ್ದು. ಒಂದು ಮದುವೆಯಲ್ಲಿ ಹೇಳಿದಾಗ ಮೇಷ್ಟ್ರೊಬ್ಬರು ಊಟದ ಪಂಕ್ತಿಯಲ್ಲಿ ನನ್ನ ಪಕ್ಕ ಕೂತು, "ದೊಡ್ಡಪ್ಪ, ಅದು ಅಪ್ಪಟ ಜಾನಪದ ಅಲ್ಲ. ನಮ್ಮ ಪದದಲ್ಲಿ ರೈಲು ಎಲ್ಲಿಂದ ಬಂತು? ಯಾರೋ ಭಿಕ್ಷೆ ಬೇಡೋರು ಸೇರಿಸಿದ್ದನ್ನ ನೀವೂ ಹೇಳಿದರೆ ಮುಂದಿನ ಹುಡುಗರು ಅದನ್ನೇ ನಮ್ಮದು ಅಂದುಕೊಳ್ತಾರೆ" ಅಂದರು. ನಮ್ಮ ಪದಗಳು ಉಳೀಬೇಕು ಅನ್ನೋ ಆಸೆ ಇರೋರು ಅವರು. ಮಕ್ಕಳು ತಮಿಳಿನಲ್ಲಿ ಓದ್ತಾವೆ, ಸಂತೆಯಲ್ಲಿ ತೆಲುಗು ಆಡ್ತಾವೆ, ಕನ್ನಡ ಉಳಿದಿರೋದು ಅಡುಗೆಮನೆಯಲ್ಲಿ ಮತ್ತು ಹಾಡಿನಲ್ಲಿ. ಅದನ್ನೂ ಕಲಬೆರಕೆ ಮಾಡಿದರೆ ಹೇಗೆ ಅನ್ನೋ ಅವರ ಭಯ ನನಗೆ ತಿಳೀತದೆ. ಪಂಕ್ತಿಯಲ್ಲಿ ಉತ್ತರ ಕೊಡೋದು ಸರಿಯಲ್ಲ ಅಂತ ಸುಮ್ಮನಿದ್ದೆ, ಇಲ್ಲಿ ಕೊಡ್ತೀನಿ.

ರೈಲು ಎಲ್ಲಿಂದ ಬಂತು ಅಂದರೆ, ಮೊರಪ್ಪೂರಿಂದ ಬಂತು. ಈಗಿನ ಸೇಲಂ ಲೈನು ಹಾಕೋದಕ್ಕಿಂತ ಮುಂಚೆ, ಬಿಳಿಯರ ಕಾಲದಲ್ಲಿ, ನಮ್ಮ ಕಡೆ ಸಣ್ಣ ರೈಲು ಇತ್ತು. 1906ರಲ್ಲಿ ಮೊರಪ್ಪೂರಿಂದ ಧರ್ಮಪುರಿಗೆ, 1913ರಲ್ಲಿ ಅಲ್ಲಿಂದ ಹೊಸೂರಿಗೆ. ತಿರುಪತ್ತೂರಿಂದ ಕೃಷ್ಣಗಿರಿಗೂ 1905ರಿಂದ ಒಂದು ಸಣ್ಣ ರೈಲು ಇತ್ತು, ಅದು 1936ರಲ್ಲಿ ನಿಂತಿತು. ಹೊಸೂರಿನದ್ದನ್ನ 1941ರಲ್ಲಿ, ಯುದ್ಧದ ಕಾಲದಲ್ಲಿ, ನಿಲ್ಲಿಸಿದರು. ಕೃಷ್ಣಗಿರಿ ಜಿಲ್ಲಾ ಕೇಂದ್ರವಾದರೂ ಇವತ್ತಿಗೂ ಅಲ್ಲಿಗೆ ರೈಲಿಲ್ಲ. ಅಂದರೆ ನಮ್ಮ ಅಜ್ಜಿಯರ ಕಾಲದಲ್ಲಿ ರೈಲು ಇತ್ತು, ನಮ್ಮವ್ವ ಮದುವೆಯಾಗಿ ಬರೋ ಕಾಲಕ್ಕೆ ಇರಲಿಲ್ಲ. ಅಜ್ಜಿಯರಲ್ಲಿ ಯಾರಾದರೂ ಒಬ್ಬಳು ಮಗಳನ್ನ ಆ ಸಣ್ಣ ರೈಲಿಗೆ ಹತ್ತಿಸಿ ಹಿಂದೆ ಬಂದಿರಲೇಬೇಕು. ಪದದಲ್ಲಿ ಗಾರ್ಡಪ್ಪ ಬಂದದ್ದು ಹೊಸದು ಅಂತ ಆಣೆ ಇಟ್ಟು ಹೇಳೋಕೆ ಮೇಷ್ಟ್ರಿಗೂ ಆಗೋದಿಲ್ಲ.

ಹೊಸದೇ ಅಂತಿಟ್ಟುಕೊಳ್ಳಿ, ಆಗಲೂ ನನ್ನ ಮಾತು ಬದಲಾಗೋದಿಲ್ಲ. ಗದಗಿನ ಹುಡುಗ ಹಾಡಿದ್ದು ಯಾರದ್ದು? ಉತ್ತರದೇಶದ ಕೈರಾನದಲ್ಲಿ ಹುಟ್ಟಿದ ಸಾಹೇಬರು ಹಾಡಿದ್ದನ್ನ ತಟ್ಟೆಯಲ್ಲಿ ಕೇಳಿ, ಕನ್ನಡ ನಾಲಿಗೆಯಲ್ಲಿ, ಭಾಷೆ ತಿಳಿಯದ ಪ್ರಯಾಣಿಕರ ಮುಂದೆ ಹಾಡಿದ. ಯಾರಾದರೂ ಆ ಬೋಗಿಯಲ್ಲಿ, ತಮ್ಮಾ, ಇದು ನಿಮ್ಮ ಕಡೆಯದಲ್ಲ, ನಿಮ್ಮೂರ ಪದ ಹೇಳು ಅಂದಿದ್ದರೆ? ತಿರುಪತ್ತೂರಿನ ಹೆಂಗಸು ತಮಿಳು ನಾಲಿಗೆಯಲ್ಲಿ ನಮ್ಮ ಅಜ್ಜಿಯ ಪದ ಹೇಳ್ತಾಳೆ. ಅವಳಿಗೆ ಅದನ್ನ ಕೊಟ್ಟವಳು ಹೂವಿನ ಮೂಟೆಯ ಅಜ್ಜಿ. ಆ ಅಜ್ಜಿ ತನ್ನ ಮೊಮ್ಮಕ್ಕಳಿಗೆ ಹೇಳಿದಳೋ ಇಲ್ಲವೋ, ಅವರು ಕಿವಿ ಕೊಟ್ಟರೋ ಇಲ್ಲವೋ. ರೈಲಿನವಳು ಕಿವಿ ಕೊಟ್ಟಳು. ಅದಕ್ಕೇ ನನಗೆ ಸಿಕ್ಕಿತು. ಅವಳನ್ನ ಭಿಕ್ಷೆಯವಳು ಅಂತ ಕರೆದದ್ದು ಮಾತ್ರ ಮೇಷ್ಟ್ರೇ, ನನಗೆ ನೋವಾಯ್ತು. ನಾನೂ ಮದುವೆಯಲ್ಲಿ ಪದ ಹೇಳಿ ಎಲೆಯಡಿಕೆ, ಪಂಚೆ, ನೂರೊಂದು ರೂಪಾಯಿ ತಗೊಳ್ತೀನಲ್ಲ.

ನನ್ನ ಚಿಂತೆ ಬೇರೆ ಇದೆ. ಈಗ ಅದೇ ಬೆಳಗಿನ ಗಾಡಿಯಲ್ಲಿ ಎಲ್ಲರ ಕಿವಿಯಲ್ಲೂ ಒಂದೊಂದು ವೈರು. ವೈರು ಇಲ್ಲದವರು ಮೊಬೈಲನ್ನ ಜೋರಾಗಿ ಹಚ್ಚಿರ್ತಾರೆ, ಒಂದು ಬೋಗಿಯಲ್ಲಿ ಐದು ಹಾಡು, ಯಾವುದೂ ಪೂರಾ ಕೇಳಿಸೋದಿಲ್ಲ. ಹಾಡೋರು ಬಂದರೂ ಕುತ್ತಿಗೆಗೆ ಸ್ಪೀಕರ್ ಪೆಟ್ಟಿಗೆ ಕಟ್ಟಿಕೊಂಡು ಬರ್ತಾರೆ, ಅದರಲ್ಲಿ ಹಾಡು ಮೊದಲೇ ತುಂಬಿಸಿರ್ತದೆ. ಪಾಪ, ಇವರ ಮೇಲೆ ನನಗೆ ಕೋಪ ಇಲ್ಲ, ಗಂಟಲು ಎಷ್ಟು ದಿನ ತಡೀತದೆ. ಆದರೆ ಆ ಪೆಟ್ಟಿಗೆಯ ಹಾಡನ್ನ ತಿದ್ದೋಕೆ ಬರೋದಿಲ್ಲ. ಹೂವಿನ ಅಜ್ಜಿ, ಅದೇನು ಹಾಡ್ತೀಯೆ, ಇದು ಹಾಡು ಅಂತ ಹೇಳೋಕೆ ಅಲ್ಲಿ ಜಾಗವೇ ಇಲ್ಲ. ಇವತ್ತು ಹನ್ನೊಂದು ವರ್ಷದ ಹುಡುಗ ಟಿಕೇಟಿಲ್ಲದೆ ಹತ್ತಿ ಬಾಯಿ ಬಿಟ್ಟರೆ, ಅವನು ಚೆನ್ನಾಗಿ ಹಾಡ್ತಾನೋ ಇಲ್ಲವೋ ಅಂತ ಗುರುತು ಹಿಡಿಯೋರು ಎಷ್ಟು ಜನ ಇದಾರೆ? ವಿಡಿಯೋ ತೆಗೆಯೋರು ಇದಾರೆ.

ಶಾಲೆಗಳಲ್ಲಿ ಜೋಶಿಯವರ ಕತೆ ಹೇಳೋ ಮೇಷ್ಟ್ರುಗಳಿಗೆ ನನ್ನದೊಂದು ಕೋರಿಕೆ. ಹುಡುಗನ ಹಠದ ಮಾತು ಬಿಡಬೇಡಿ. ಜತೆಗೆ ಪುಣೆಗೆ ಹಣ ಕೊಟ್ಟವರನ್ನ, ಹಾಡು ಕೇಳಿ ಮುಂದೆ ಹೋಗೋಕೆ ಬಿಟ್ಟ ಟಿಕೇಟಿನವರನ್ನ ಒಂದು ಮಾತು ಸೇರಿಸಿ. ಮಕ್ಕಳನ್ನ ಕೂರಿಸಿ ಆಟವನ್ನೂ ಆಡಿಸಬಹುದು: ಒಬ್ಬ ಹಾಡೋದು, ಮಿಕ್ಕವರು ಬೋಗಿಯವರಾಗೋದು, ಹಾಡಿನಲ್ಲಿ ಏನು ಚೆನ್ನಾಗಿದೆ ಅಂತ ಬೋಗಿಯವರು ಹೇಳಬೇಕು, ಚೆನ್ನಾಗಿದೆ ಅನ್ನೋ ಒಂದೇ ಮಾತಿಗೆ ಮಾರ್ಕಿಲ್ಲ.

ಇನ್ನು ಆ ಹೆಂಗಸಿನ ಪದ. ರೈಲಿನ ಜಾಗದಲ್ಲಿ ಅವಳು ಹೇಳಿದ್ದು ಒಟ್ಟು ಮೂರು ನುಡಿ. ಬಾವುಟದ್ದು ಒಂದು, ಟ್ರಂಕಿನದ್ದು ಒಂದು. ಇನ್ನೊಂದರಲ್ಲಿ ಕಿಟಕಿಯಿಂದ ಮಗಳು ಏನನ್ನೋ ತಾಯಿಯ ಕೈಗೆ ಹಿಂದಕ್ಕೆ ಕೊಡ್ತಾಳೆ, ಆಗಲೇ ಎದುರು ಲೈನಿನಲ್ಲಿ ಗಾಡಿ ಬಂದು ಸದ್ದಿನಲ್ಲಿ ನನಗೆ ಮಾತು ಕೇಳಿಸಲಿಲ್ಲ. ಹೊಸೂರು ಲೈನಿನಲ್ಲಿ ಹೋಗಿ ಬರೋರು ಯಾರಾದರೂ ಅದನ್ನ ಪೂರಾ ಕೇಳಿದ್ದರೆ ವಾಚನಾಲಯದ ಮೇಜಿನ ಮೇಲಿರೋ ನೋಟುಬುಕ್ಕಿನಲ್ಲಿ ಬರೆದಿಡಿ. ಬರೆಯೋಕೆ ಬಾರದವರು ನನ್ನ ಮುಂದೆ ಹೇಳಿದರೂ ಸಾಕು.